ಹಗ್ಗದ ಹುರಿ, ಔಷಧದ ಪೆಟ್ಟು

ಲಿಂಗಸೂಗೂರಿನಿಂದ ಮಸ್ಕಿಯ ಮೇಲೆ ಹಾದು ಸಿಂಧನೂರಿಗೆ ಹೋಗುವ ದಾರಿ ಸುಮಾರು ಐವತ್ತು ಕಿಲೋಮೀಟರಿನಷ್ಟು. ಲಿಂಗಸೂಗೂರಿನ ಕಡೆ ಮಳೆಯನ್ನೇ ನಂಬಿದ ಹೊಲಗಳು. ತೊಗರಿ, ಸಜ್ಜೆ, ಹತ್ತಿ. ಮಸ್ಕಿಯನ್ನು ದಾಟಿ ಸಿಂಧನೂರನ್ನು ಸಮೀಪಿಸಿದಂತೆಲ್ಲ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೂ ಬತ್ತದ ಗದ್ದೆ. ಈ ಸೀಮೆಯ ಒಕ್ಕಲು ಮನೆಗಳಲ್ಲಿ ಒಂದು ಕಾಲಕ್ಕೆ ಹಗ್ಗವನ್ನು ಸಂತೆಯಿಂದ ಕೊಂಡು ತರುವುದು ಕಡಿಮೆ. ಹೊಲದಂಚಿನಲ್ಲಿ ಬೆಳೆದ ಪುಂಡಿಯ ಕಡ್ಡಿಯನ್ನು ನೀರಿನಲ್ಲಿ ಕೊಳೆಹಾಕಿ, ನಾರು ಸುಲಿದು, ಒಣಗಿಸಿ, ಬೇಸಿಗೆಯ ಬಿಡುವಿನಲ್ಲಿ ಮನೆಯ ಮುಂದೆ ಕುಳಿತು ಹೊಸೆಯುತ್ತಿದ್ದರು. ಈಗ ನೈಲಾನ್ ಹಗ್ಗ ಅಗ್ಗವಾಗಿ ಸಿಕ್ಕುವುದರಿಂದ ಆ ಕೆಲಸ ಬಹುಮಟ್ಟಿಗೆ ನಿಂತುಹೋಗಿದೆ.

ಹಗ್ಗ ಹೊಸೆದು ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹುರಿ ಕಡಿಮೆಯಾದರೆ ಎಳೆಗಳು ಬಾಯಿ ಬಿಡುತ್ತವೆ. ಹುರಿ ಹೆಚ್ಚಾದರೆ ಹಗ್ಗ ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟುಗಂಟಾಗುತ್ತದೆ. ನಮ್ಮ ದೇಹದ ಬಹುಪಾಲು ಜೀವಕೋಶಗಳಲ್ಲಿಯೂ, ನಮಗೆ ರೋಗ ತರುವ ಬ್ಯಾಕ್ಟೀರಿಯಗಳಲ್ಲಿಯೂ ಇರುವ ಡಿ.ಎನ್.ಎ. ಎಂಬ ಅಣುವಿಗೂ ಈ ನಿಯಮ ತಪ್ಪಿದ್ದಲ್ಲ. ಕ್ಷಯ, ಕ್ಯಾನ್ಸರ್ ಮುಂತಾದ ರೋಗಗಳಿಗೆ ಕೊಡುವ ಕೆಲವು ಪ್ರಬಲ ಔಷಧಗಳು ಡಿ.ಎನ್.ಎ.ಗೆ ಅಂಟಿಕೊಂಡು ಅದನ್ನು ಕೆಡಿಸಿಯೇ ಕೆಲಸ ಮಾಡುತ್ತವೆ. ಆ ಪೆಟ್ಟು ಎಷ್ಟು ಬಲವಾಗಿ ಬೀಳುತ್ತದೆಂಬುದು ಔಷಧದ ಪ್ರಮಾಣವೊಂದನ್ನೇ ಅವಲಂಬಿಸಿಲ್ಲ. ಪೆಟ್ಟು ಬೀಳುವೆಡೆಯಲ್ಲಿ ಡಿ.ಎನ್.ಎ.ಯ ಹುರಿ ಹೇಗಿದೆ ಎಂಬುದನ್ನೂ ಅವಲಂಬಿಸಿದೆ. ಇದು ಹೇಗೆಂಬುದನ್ನು ಓದುಗರ ಮುಂದಿಡಲು ಇಲ್ಲಿ ಯತ್ನಿಸುತ್ತೇವೆ.

ಮಸ್ಕಿಯ ಹೆಸರೆತ್ತಿದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಅಶೋಕನ ಶಾಸನ. ಚಿನ್ನದ ಗಣಿಯ ಇಂಜಿನಿಯರನಾಗಿದ್ದ ಬೀಡನ್ ಎಂಬಾತ ೧೯೧೫ರಲ್ಲಿ ಕಂಡುಹಿಡಿದ ಆ ಬಂಡೆಯ ಬರಹದಲ್ಲಿ ಅಶೋಕನ ಹೆಸರೇ ಇದ್ದುದರಿಂದ, ಉಳಿದ ಶಾಸನಗಳ ದೇವಾನಾಂಪ್ರಿಯನು ಯಾರೆಂಬ ಸಂದೇಹ ಪರಿಹಾರವಾಯಿತು. ಬಂಡೆಯ ಬರಹವನ್ನು ಓದಬೇಕಾದರೆ ಅದರ ಮುಂದೆ ನಿಂತರೆ ಸಾಕು. ಡಿ.ಎನ್.ಎ.ಯ ಬರಹವಾದರೋ ಹಗ್ಗದ ಎರಡು ಎಳೆಗಳ ನಡುವೆ, ಒಳಮುಖವಾಗಿ ಬರೆದುದು. ಎಳೆಗಳನ್ನು ಬಿಡಿಸದ ಹೊರತು ಅದನ್ನು ಓದಲೂ ಆಗದು, ನಕಲು ಮಾಡಲೂ ಆಗದು.

ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ೧೯೫೩ರಲ್ಲಿ ತೋರಿಸಿಕೊಟ್ಟಂತೆ, ಡಿ.ಎನ್.ಎ.ಯ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ. ಎಳೆಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಪ್ರತ್ಯಾಮ್ಲ ಜೋಡಿಗಳಿವೆ. ಸುಮಾರು ಹತ್ತೂವರೆ ಜೋಡಿಗಳಿಗೆ ಒಂದು ಸುತ್ತು. ಕ್ಷಯದ ಬ್ಯಾಕ್ಟೀರಿಯದ ಡಿ.ಎನ್.ಎ.ಯನ್ನು ೧೯೯೮ರಲ್ಲಿ ಪೂರ್ತಿಯಾಗಿ ಓದಿ ಪ್ರಕಟಿಸಿದಾಗ ಅದರಲ್ಲಿ ೪೪ ಲಕ್ಷ ಜೋಡಿಗಳಿರುವುದು ತಿಳಿದುಬಂತು. ಎಂದರೆ ನಾಲ್ಕು ಲಕ್ಷಕ್ಕೂ ಮೀರಿ ಸುತ್ತುಗಳು! ಬಿಡಿಸಿ ಎಳೆದರೆ ಒಂದೂವರೆ ಮಿಲಿಮೀಟರ್ ಉದ್ದವಾಗುವ ಈ ಹಗ್ಗ, ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ನಾಲ್ಕು ಪಾಲು ಉದ್ದದ ಜೀವಿಯೊಳಗೆ ಅಡಗಿದೆ. ಸಾಲದುದಕ್ಕೆ ಅದಕ್ಕೆ ತುದಿಗಳಿಲ್ಲ. ಬಳೆಯಂತೆ ಎರಡೂ ಕೊನೆಗಳು ಕೂಡಿಕೊಂಡಿವೆ. ಬ್ಯಾಕ್ಟೀರಿಯ ಒಂದು ಎರಡಾಗಬೇಕಾದರೆ ಈ ನಾಲ್ಕು ಲಕ್ಷ ಸುತ್ತುಗಳೂ ಬಿಚ್ಚಿ ಎಳೆಗಳು ಬೇರೆಬೇರೆಯಾಗಬೇಕು. ತುದಿಯೇ ಇಲ್ಲದ ಹಗ್ಗದ ಹುರಿಯನ್ನು ಬಿಡಿಸುವುದೆಂತು?

ಮುಂದಿನದನ್ನು ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡುವುದು ಒಳ್ಳೆಯದು. ಖರ್ಚೇನೂ ಇಲ್ಲ. ಒಂದು ಮೊಳ ಉದ್ದದ ಎರಡೆಳೆಯ ಹಗ್ಗದ ಎರಡೂ ತುದಿಗಳನ್ನು ಕಿಟಕಿಯ ಎರಡು ಸರಳುಗಳಿಗೆ, ಸ್ವಲ್ಪ ಸಡಿಲವಾಗಿ ಜೋಲುವಂತೆ, ಭದ್ರವಾಗಿ ಕಟ್ಟಿ. ಹಗ್ಗದ ನಡುಭಾಗದಲ್ಲಿ ಎಳೆಗಳ ನಡುವೆ ಒಂದು ಪೆನ್ಸಿಲನ್ನು ತೂರಿಸಿ, ಪೆನ್ಸಿಲು ಸುತ್ತದಂತೆ ಹಿಡಿದು, ಒಂದು ಕಡೆಗೆ ನೂಕಿಕೊಂಡು ಹೋಗಿ. ಪೆನ್ಸಿಲಿನ ಮುಂದೆ ಸುತ್ತುಗಳು ಒತ್ತೊತ್ತಾಗಿ ಬಿಗಿಯುತ್ತವೆ; ಇನ್ನೂ ನೂಕಿದರೆ ಹಗ್ಗ ಮುರುಟಿ ಹಾವಿನಂತೆ ಸುತ್ತಿಕೊಳ್ಳುತ್ತದೆ; ಕೊನೆಗೆ ಪೆನ್ಸಿಲು ಮುಂದೆ ಹೋಗದು. ಪೆನ್ಸಿಲಿನ ಹಿಂದೆ ಇದಕ್ಕೆ ತದ್ವಿರುದ್ಧ. ಅಲ್ಲಿ ಸುತ್ತುಗಳು ವಿರಳವಾಗಿ ಎಳೆಗಳು ಜೋತುಬೀಳುತ್ತವೆ. ಮುಂದಿನದನ್ನು ಬಿಗಿಹುರಿ ಎಂದೂ ಹಿಂದಿನದನ್ನು ಸಡಿಲುಹುರಿ ಎಂದೂ ಕರೆಯೋಣ. (ಪುಂಡಿಯ ಹಗ್ಗದಲ್ಲಿ ಒಂದೊಂದು ಎಳೆಗೂ ತನ್ನದೇ ಆದ ಎದುರುಹುರಿ ಇರುತ್ತದೆ, ಡಿ.ಎನ್.ಎ.ಯಲ್ಲಿ ಅದಿಲ್ಲ. ಉಪಮೆಯನ್ನು ಅಷ್ಟಕ್ಕೇ ಬಿಡುವುದು ಲೇಸು.)

ಜೀವಕೋಶದಲ್ಲಿ ಪೆನ್ಸಿಲಿನ ಸ್ಥಾನದಲ್ಲಿರುವುದು ಡಿ.ಎನ್.ಎ.ಯನ್ನು ಓದುವ ಮತ್ತು ನಕಲು ಮಾಡುವ ಕಿಣ್ವಗಳು. ಓದುವ ಕಿಣ್ವ ಸಾಗಿದಂತೆ ಮುಂದೆ ಬಿಗಿಹುರಿ, ಹಿಂದೆ ಸಡಿಲುಹುರಿ ಒಟ್ಟೊಟ್ಟಿಗೆ ಹುಟ್ಟುತ್ತವೆ ಎಂದು ಲೆರಾಯ್ ಲ್ಯೂ ಮತ್ತು ಜೇಮ್ಸ್ ವಾಂಗ್ ೧೯೮೭ರಲ್ಲಿ ಪ್ರತಿಪಾದಿಸಿದರು. ಮುಂದಿನ ಪ್ರಯೋಗಗಳು ಅದನ್ನು ಸಮರ್ಥಿಸಿದವು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯದಲ್ಲಿ ನಕಲು ಮಾಡುವ ಯಂತ್ರ ಸೆಕೆಂಡಿಗೆ ಸುಮಾರು ಸಾವಿರ ಜೋಡಿಗಳ ವೇಗದಲ್ಲಿ ಓಡುತ್ತದೆ. ಎಂದರೆ ಅದರ ಮುಂದೆ ಪ್ರತಿ ಸೆಕೆಂಡಿಗೂ ಹತ್ತಿರ ಹತ್ತಿರ ನೂರು ಸುತ್ತು ಬಿಗಿಹುರಿ ಕೂಡಿಕೊಳ್ಳುತ್ತದೆ. ಅದನ್ನು ಯಾರಾದರೂ ತೆಗೆಯದಿದ್ದರೆ ಯಂತ್ರ ನಿಂತೇಹೋಗಬೇಕು.

ಈ ತೊಡಕನ್ನು ಮ್ಯಾಕ್ಸ್ ಡೆಲ್‌ಬ್ರೂಕ್ ೧೯೫೪ರಲ್ಲಿಯೇ ಎತ್ತಿ ತೋರಿಸಿದ್ದರು. ಅದು ಎಷ್ಟು ಗಂಭೀರವಾಗಿ ಕಂಡಿತೆಂದರೆ, ಎಳೆಗಳು ನಿಜವಾಗಿಯೂ ಒಂದನ್ನೊಂದು ಸುತ್ತಿಕೊಂಡಿವೆಯೆ ಎಂಬ ಪ್ರಶ್ನೆಯೇ ಎದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಶಶಿಶೇಖರನ್ ಮತ್ತು ಅವರ ಸಂಗಡಿಗರು ೧೯೭೦ರ ದಶಕದ ಉತ್ತರಾರ್ಧದಲ್ಲಿ ಒಂದು ಬದಲಿ ರಚನೆಯನ್ನು ಸೂಚಿಸಿದರು. ಡಿ.ಎನ್.ಎ. ಸ್ವಲ್ಪ ದೂರ ಬಲಕ್ಕೆ, ಮತ್ತೆ ಸ್ವಲ್ಪ ದೂರ ಎಡಕ್ಕೆ ತಿರುಗಿದರೆ ಬಲದ ಸುತ್ತು ಎಡದ ಸುತ್ತಿಗೆ ವಜಾ ಆಗಿ, ಎಳೆಗಳನ್ನು ಹೆಚ್ಚು ಕಷ್ಟವಿಲ್ಲದೆ ಬೇರ್ಪಡಿಸಬಹುದು ಎಂಬುದು ಅದರ ಸಾರ. ಅದೇ ಸಮಯಕ್ಕೆ ನ್ಯೂಜಿಲೆಂಡಿನಿಂದಲೂ ಇಂತಹುದೇ ಒಂದು ಸೂಚನೆ ಬಂದಿತ್ತು. ೧೯೭೯ರಲ್ಲಿ ಕ್ರಿಕ್, ವಾಂಗ್ ಮತ್ತು ಬಾಯರ್, ಬಳೆಯಾಕಾರದ ಡಿ.ಎನ್.ಎ.ಗಳ ಸುತ್ತುಗಳನ್ನು ಲೆಕ್ಕ ಹಾಕಿದ ಪ್ರಯೋಗಗಳನ್ನು ಮುಂದಿಟ್ಟು, ಎಳೆಗಳು ನಿಜವಾಗಿಯೂ ಹೆಣೆದುಕೊಂಡೇ ಇವೆಯೆಂದು ತೋರಿಸಿದರು. ಬೆಂಗಳೂರಿನ ಊಹೆ ನಿಲ್ಲಲಿಲ್ಲ. ಆದರೆ ಅದರ ಹಿಂದಿದ್ದ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ ಎಂದು ನಮಗೆ ತೋರುತ್ತದೆ. ಪ್ರಶ್ನೆಯನ್ನು ನುಂಗಿಕೊಂಡು ಸುಮ್ಮನಿದ್ದವರಿಗಿಂತ ಅದನ್ನು ಕೇಳಿ ತಪ್ಪಿದವರು ವಿಜ್ಞಾನಕ್ಕೆ ಹೆಚ್ಚು ಉಪಕಾರ ಮಾಡಿದ್ದಾರೆ.

ಹಾಗಾದರೆ ಪ್ರಕೃತಿ ಈ ಗಂಟನ್ನು ಹೇಗೆ ಬಿಡಿಸಿತು? ಬಿಡಿಸಲಿಲ್ಲ, ಕತ್ತರಿಸಿತು! ಸಿಕ್ಕು ಬಿದ್ದ ದಾರವನ್ನು ಕತ್ತರಿಸಿ, ಸಿಕ್ಕು ತೆಗೆದು, ಮತ್ತೆ ಗುರುತೇ ಉಳಿಯದಂತೆ ಸೇರಿಸುವ ಕಿಣ್ವಗಳು ಜೀವಕೋಶದಲ್ಲಿವೆ. ಇವುಗಳಿಗೆ ಟೊಪೊಐಸೊಮರೇಸ್ ಎಂದು ಹೆಸರು. ಮೊದಲನೆಯದನ್ನು ವಾಂಗ್ ೧೯೭೧ರಲ್ಲಿ ವರದಿ ಮಾಡಿದರು. ಕೆಲವು ಕಿಣ್ವಗಳು ಒಂದೇ ಎಳೆಯನ್ನು ಕತ್ತರಿಸಿ, ಹಗ್ಗಕ್ಕೆ ತಿರುಗಲು ಅವಕಾಶ ಕೊಟ್ಟು, ಮತ್ತೆ ಬೆಸೆಯುತ್ತವೆ. ಇನ್ನು ಕೆಲವು ಎರಡು ಎಳೆಗಳನ್ನೂ ಕತ್ತರಿಸಿ, ಆ ಬಾಗಿಲಿನ ಮೂಲಕ ಹಗ್ಗದ ಇನ್ನೊಂದು ಭಾಗವನ್ನು ದಾಟಿಸಿ, ಬಾಗಿಲು ಮುಚ್ಚುತ್ತವೆ. ಒಂದು ಸಲಕ್ಕೆ ಎರಡು ಸುತ್ತಿನ ವ್ಯತ್ಯಾಸ. ೧೯೭೬ರಲ್ಲಿ ಮಾರ್ಟಿನ್ ಗೆಲರ್ಟ್ ಮತ್ತು ಸಹೋದ್ಯೋಗಿಗಳು ಕಂಡುಹಿಡಿದ ಗೈರೇಸ್ ಈ ಎರಡನೆಯ ಜಾತಿಯದು. ಅದು ಬ್ಯಾಕ್ಟೀರಿಯಗಳ ಬಿಗಿಹುರಿಯನ್ನು ತೆಗೆಯುವುದಲ್ಲದೆ, ಇಂಧನವನ್ನು ವ್ಯಯಿಸಿ, ಬೇಕೆಂದೇ ಸಡಿಲುಹುರಿಯನ್ನು ತುಂಬುತ್ತದೆ. ಹೀಗಾಗಿ ಬ್ಯಾಕ್ಟೀರಿಯದ ಡಿ.ಎನ್.ಎ.ಯಲ್ಲಿ ನೂರು ಸುತ್ತು ಇರಬೇಕಾದಲ್ಲಿ ಐದಾರು ಸುತ್ತು ಕಡಿಮೆಯೇ ಇರುತ್ತವೆ. ಇದರಿಂದ ಎಳೆಗಳನ್ನು ಬಿಡಿಸುವುದು ಸುಲಭ.

ಕತ್ತರಿಸುವುದರಲ್ಲಿ ಅಪಾಯವಿದೆಯೆಂಬುದನ್ನು ಹೇಳಬೇಕಾಗಿಲ್ಲ. ಕತ್ತರಿಸಿದ ಮೇಲೆ ಬೆಸೆಯುವ ಮೊದಲು ಏನಾದರೂ ಅಡ್ಡ ಬಂದರೆ? ಔಷಧಗಳು ಹೊಂಚು ಹಾಕುವುದು ಈ ಕ್ಷಣಕ್ಕೆ.

ಅದಕ್ಕೆ ಮುಂಚೆ ಇನ್ನೂ ಸರಳವಾದ ಒಂದು ಗುಂಪಿನ ವಿಚಾರ ಹೇಳಿಬಿಡೋಣ. ಕೆಲವು ಔಷಧಗಳ ಅಣುಗಳು ಚಪ್ಪಟೆಯಾಗಿದ್ದು, ಡಿ.ಎನ್.ಎ.ಯ ಎರಡು ಮೆಟ್ಟಿಲುಗಳ ನಡುವೆ ಬೆಣೆಯಂತೆ ತೂರಿಕೊಳ್ಳುತ್ತವೆ. ಲೆನಾರ್ಡ್ ಲರ್ಮನ್ ಇದನ್ನು ೧೯೬೧ರಲ್ಲಿ ಸೂಚಿಸಿದರು. ಬೆಣೆ ತೂರಿದೆಡೆಯಲ್ಲಿ ಹುರಿ ಸ್ವಲ್ಪ ಬಿಚ್ಚಲೇಬೇಕು. ಆಫ್ರಿಕದಲ್ಲಿ ದನಗಳ ರೋಗಕ್ಕೆ ಬಳಸಿದ ಎಥಿಡಿಯಂ ಎಂಬ ವಸ್ತುವಿನ ಒಂದೊಂದು ಅಣುವೂ ಹಗ್ಗವನ್ನು ೨೬ ಡಿಗ್ರಿಯಷ್ಟು ಬಿಚ್ಚುತ್ತದೆ. ಈಗ ಯೋಚಿಸಿ: ಮೊದಲೇ ಹುರಿ ಸಡಿಲಾಗಿರುವ ಹಗ್ಗಕ್ಕೆ ಬೆಣೆ ಬಂದರೆ ಅದು ಹಗ್ಗಕ್ಕೆ ಆರಾಮವೇ ಸರಿ; ಕೊರತೆಯಿದ್ದ ಸುತ್ತಿನ ಲೆಕ್ಕ ಅಷ್ಟರಮಟ್ಟಿಗೆ ಸರಿಹೋಗುತ್ತದೆ. ಆದುದರಿಂದ ಸಡಿಲುಹುರಿಯ ಡಿ.ಎನ್.ಎ. ಬೆಣೆಗಳನ್ನು ಆದರದಿಂದ ಬರಮಾಡಿಕೊಳ್ಳುತ್ತದೆ. ಬಿಗಿಹುರಿ ಇದ್ದಲ್ಲಿ ಪ್ರತಿ ಬೆಣೆಯೂ ಬಿಗಿತವನ್ನು ಹೆಚ್ಚಿಸುವುದರಿಂದ ಅವುಗಳಿಗೆ ಪ್ರವೇಶ ದುರ್ಲಭ. ಸ್ತನದ ಕ್ಯಾನ್ಸರಿಗೂ ರಕ್ತದ ಕೆಲವು ಕ್ಯಾನ್ಸರುಗಳಿಗೂ ಕೊಡುವ, ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಈ ಬೆಣೆಗಳ ಜಾತಿಗೆ ಸೇರಿದ್ದು. ಅದು ಬೆಣೆಯಾಗುವುದಷ್ಟೇ ಅಲ್ಲದೆ, ನಮ್ಮ ಜೀವಕೋಶದ ಎರಡೆಳೆ ಕತ್ತರಿಸುವ ಕಿಣ್ವವನ್ನು ಕತ್ತರಿಸಿದ ಸ್ಥಿತಿಯಲ್ಲಿಯೇ ಹಿಡಿದು ನಿಲ್ಲಿಸುತ್ತದೆ.

ಹೀಗೆ ಹಿಡಿದು ನಿಲ್ಲಿಸುವ ಕೆಲಸದಲ್ಲಿ ನಿಷ್ಣಾತವಾದ ಇನ್ನೊಂದು ವಸ್ತು ನಮ್ಮ ಸಹ್ಯಾದ್ರಿಯಲ್ಲಿಯೇ ಇದೆ. ೧೯೬೬ರಲ್ಲಿ ಮನ್ರೊ ವಾಲ್ ಮತ್ತು ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮನ್ಸುಖ್ ವಾಣಿ ಒಂದು ಚೀನೀ ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತುವನ್ನು ೧೯೭೨ರಲ್ಲಿ ಪಶ್ಚಿಮಘಟ್ಟದ ಒಂದು ಸಣ್ಣ ಮರದಲ್ಲಿ ಕಂಡರು. ಸಸ್ಯಶಾಸ್ತ್ರಜ್ಞರು ಈಗ ಅದನ್ನು ನಾಥಪೊಡೈಟಿಸ್ ಎನ್ನುತ್ತಾರೆ. ಅದರ ಹಳೆಯ ಶಾಸ್ತ್ರೀಯ ಹೆಸರಿಗೆ ದುರ್ವಾಸನೆಯದೆಂದೇ ಅರ್ಥ. ಔಷಧಕ್ಕೆ ಬೇಡಿಕೆ ಬಂದ ಮೇಲೆ ಕಾಡಿನಲ್ಲಿ ಈ ಮರಕ್ಕೆ ಕೊಡಲಿಯ ಕಾಟ ತಪ್ಪಲಿಲ್ಲ. ಹೆಚ್ಚು ಸತ್ತ್ವವುಳ್ಳ ಮರಗಳನ್ನು ಹುಡುಕಿ ಬೆಳೆಸುವ ಬಗೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ದುಡಿದಿದ್ದಾರೆ. ಈ ವಸ್ತು ಒಂದೆಳೆ ಕತ್ತರಿಸುವ ಕಿಣ್ವವನ್ನು ಹಿಡಿಯುತ್ತದೆಂದು ೧೯೮೫ರಲ್ಲಿ ತಿಳಿಯಿತು. ಅದನ್ನು ತಿಳಿಸಿದವರಲ್ಲಿ ಮೇಲೆ ಹೇಳಿದ ಲ್ಯೂ ಅವರೂ ಒಬ್ಬರು. ಅದರಿಂದ ತಯಾರಾದ ಟೊಪೊಟೆಕಾನ್ ಅಂಡಾಶಯದ ಕ್ಯಾನ್ಸರಿಗೂ, ಇರಿನೊಟೆಕಾನ್ ದೊಡ್ಡ ಕರುಳಿನ ಕ್ಯಾನ್ಸರಿಗೂ ಬಳಕೆಯಲ್ಲಿವೆ.

ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಸೀಸ್ ಡೆಕ್ಕರ್ ಮತ್ತು ಸಂಗಡಿಗರು ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗ ನಮ್ಮ ಕಿಟಕಿಯ ಹಗ್ಗದ ಪ್ರಯೋಗದ ತಮ್ಮನಂತಿದೆ. ಒಂದೇ ಒಂದು ಡಿ.ಎನ್.ಎ. ಅಣುವಿನ ಒಂದು ತುದಿಯನ್ನು ಗಾಜಿಗೆ, ಇನ್ನೊಂದು ತುದಿಯನ್ನು ಕಾಂತಕ್ಕೆ ಒಲಿಯುವ ಅತಿ ಸಣ್ಣ ಮಣಿಗೆ ಅಂಟಿಸಿ, ಮೇಲಿನಿಂದ ಅಯಸ್ಕಾಂತವನ್ನು ತಿರುಗಿಸಿ ಬೇಕಾದಷ್ಟು ಹುರಿ ಹಾಕಿದರು. ಹಗ್ಗ ಮುರುಟಿದಂತೆ ಮಣಿ ಕೆಳಗಿಳಿಯುತ್ತದೆ. ಕಿಣ್ವ ಹುರಿ ಬಿಟ್ಟಂತೆ ಮೇಲೇರುತ್ತದೆ. ಟೊಪೊಟೆಕಾನ್ ಸೇರಿಸಿದೊಡನೆ ಹುರಿ ಬಿಡುವ ವೇಗ ಬಹಳ ಕುಗ್ಗಿತು. ಬಿಗಿಹುರಿಯಾಗಿದ್ದರೆ ಅದು ಸಡಿಲುಹುರಿಗಿಂತ ಗಮನಾರ್ಹವಾಗಿ ಹೆಚ್ಚು ಕುಗ್ಗಿತು. ಯೀಸ್ಟ್ ಜೀವಕೋಶಗಳಲ್ಲಿಯೂ ಔಷಧ ಕೊಟ್ಟಾಗ ಬಿಗಿಹುರಿ ಕೂಡಿಬಿದ್ದುದನ್ನು ಅವರು ಕಂಡರು. ನಕಲು ಯಂತ್ರದ ಮುಂದಿರುವುದು ಬಿಗಿಹುರಿಯೇ ಅಲ್ಲವೆ? ಔಷಧದ ಪೆಟ್ಟು ಸರಿಯಾಗಿ ಅಲ್ಲಿಗೇ, ಅತ್ಯಂತ ಆಯಕಟ್ಟಿನ ಸ್ಥಳಕ್ಕೇ ಬೀಳುತ್ತದೆ.

ಇಲ್ಲಿ ಆತುರದಿಂದ ನಿಯಮ ಕಟ್ಟಬಾರದು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದ ನೀಲ್ ಆಶರಾಫ್ ಅವರ ಪ್ರಯೋಗಶಾಲೆ ೨೦೦೬ರಲ್ಲಿ ಮನುಷ್ಯನ ಎರಡು ಜಾತಿಯ ಕಿಣ್ವಗಳನ್ನು ಒಟ್ಟಿಗೆ ಪರೀಕ್ಷಿಸಿತು. ಒಂದೆಳೆ ಕತ್ತರಿಸುವ ಕಿಣ್ವದಿಂದ ಬಿಗಿಹುರಿಯ ಮೇಲೆ ಹೆಚ್ಚು ಕಡಿತಗಳಾದವು. ಎರಡೆಳೆ ಕತ್ತರಿಸುವ ಕಿಣ್ವದಿಂದ ಕಡಿಮೆಯಾದವು. ಔಷಧ ಬೆರೆಸಿದಾಗಲೂ ಹುರಿಯ ಈ ಪ್ರಭಾವ ಅಳಿಯಲಿಲ್ಲ. ಹುರಿ ಒಂದೇ, ಕಿಣ್ವ ಬೇರೆಯಾದರೆ ಫಲ ತಲೆಕೆಳಗು!

ಇನ್ನು ನಮ್ಮ ಸೀಮೆಗೆ ಹೆಚ್ಚು ಹತ್ತಿರವಾದ ವಿಚಾರಕ್ಕೆ ಬರೋಣ. ಕ್ಷಯರೋಗ ಈ ದೇಶದ ಯಾವ ತಾಲ್ಲೂಕಿಗೂ ಅಪರಿಚಿತವಲ್ಲ. ಮಾಮೂಲು ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಎಂಬ ಔಷಧಗಳನ್ನು ಕೊಡುತ್ತಾರೆ. ಇವು ಹಿಡಿಯುವುದು ಗೈರೇಸನ್ನು. ಅನೇಕ ಬ್ಯಾಕ್ಟೀರಿಯಗಳಲ್ಲಿ ಎರಡೆಳೆ ಕತ್ತರಿಸುವ ಕಿಣ್ವಗಳು ಎರಡಿದ್ದರೆ, ಕ್ಷಯದ ಬ್ಯಾಕ್ಟೀರಿಯದಲ್ಲಿ ಇರುವುದು ಗೈರೇಸ್ ಒಂದೇ. ಮುಂದಿನ ಬಿಗಿಹುರಿಯನ್ನು ತೆಗೆಯುವುದೂ ಅದೇ, ಸಡಿಲುಹುರಿಯನ್ನು ತುಂಬುವುದೂ ಅದೇ, ಹುಟ್ಟಿದ ಎರಡು ಬಳೆಗಳನ್ನು ಒಂದರಿಂದೊಂದು ಬಿಡಿಸುವುದೂ ಅದೇ. ನಮ್ಮ ಜೀವಕೋಶಗಳಲ್ಲಿ ಗೈರೇಸ್ ಇಲ್ಲದಿರುವುದರಿಂದ ಔಷಧ ನಮ್ಮನ್ನು ಬಿಟ್ಟು ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಅವರ ವಿದ್ಯಾರ್ಥಿಗಳು ಈ ಗೈರೇಸನ್ನೂ ಅದೇ ಬ್ಯಾಕ್ಟೀರಿಯದ ಒಂದೆಳೆ ಕತ್ತರಿಸುವ ಕಿಣ್ವವನ್ನೂ ಹಲವು ವರ್ಷಗಳಿಂದ ಅಭ್ಯಾಸ ಮಾಡಿದ್ದಾರೆ. ಹುರಿಯ ಲೆಕ್ಕ ತಪ್ಪಿಸುವುದು ಕ್ಷಯವನ್ನು ಸೋಲಿಸುವ ಒಂದು ದಾರಿ ಎಂಬ ವಿಚಾರಕ್ಕೆ ಶಶಿಶೇಖರನ್ನರ ಸಂಸ್ಥೆಯಲ್ಲಿಯೇ ಹೀಗೆ ಮತ್ತೊಂದು ತಲೆಮಾರು ದುಡಿದಂತಾಯಿತು.

ಆಶರಾಫ್ ಅವರ ಪ್ರಯೋಗಶಾಲೆ ೨೦೧೭ರಲ್ಲಿ ಕ್ಷಯದ ಗೈರೇಸಿಗೆ ಬಿಗಿಹುರಿಯ ಡಿ.ಎನ್.ಎ.ಯನ್ನೂ ಸಡಿಲುಹುರಿಯ ಡಿ.ಎನ್.ಎ.ಯನ್ನೂ ಬೇರೆಬೇರೆಯಾಗಿ ಕೊಟ್ಟು ನೋಡಿತು. ಬಿಗಿಹುರಿಯನ್ನು ತೆಗೆಯುವುದರಲ್ಲಿ ಗೈರೇಸ್ ಚುರುಕು. ಸಡಿಲುಹುರಿಯನ್ನು ತುಂಬುವುದರಲ್ಲಿ ನಿಧಾನ. ಅಷ್ಟೇ ಅಲ್ಲ, ಬಿಗಿಹುರಿಯ ಮೇಲೆ ಕೆಲಸ ಮಾಡುವಾಗ ಕತ್ತರಿಸಿದ ಸ್ಥಿತಿಯಲ್ಲಿ ಸಿಕ್ಕುವ ಕಿಣ್ವಗಳ ಸಂಖ್ಯೆ ಕಡಿಮೆ. ಔಷಧವಿದ್ದಾಗಲೂ ಈ ವ್ಯತ್ಯಾಸ ಉಳಿಯಿತು.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಔಷಧ ಹಿಡಿದು ನಿಲ್ಲಿಸಿದ ಒಂದು ಕಡಿತ ತನ್ನಷ್ಟಕ್ಕೆ ತಾನೇ ಪ್ರಾಣಾಂತಿಕವಲ್ಲ. ಔಷಧ ಕಳಚಿಕೊಂಡರೆ ಕಿಣ್ವ ಬೆಸುಗೆ ಹಾಕಿಬಿಡುತ್ತದೆ. ನಕಲು ಯಂತ್ರ ಬಂದು ಅದಕ್ಕೆ ಢಿಕ್ಕಿ ಹೊಡೆದಾಗ ಡಿ.ಎನ್.ಎ. ನಿಜವಾಗಿ ತುಂಡಾಗುವ ಸಂಭವ. ಢಿಕ್ಕಿಯ ಸಂಭವ ಹೆಚ್ಚಾಗಿರುವುದು ಯಂತ್ರದ ಮುಂದೆ. ಯಂತ್ರದ ಮುಂದಿರುವುದು ಬಿಗಿಹುರಿ. ಬಿಗಿಹುರಿಯ ಮೇಲೆ ಗೈರೇಸ್ ತನ್ನ ಕತ್ತರಿಯನ್ನು ತೆರೆದು ಹಿಡಿಯುವುದೇ ಕಡಿಮೆ. ಬ್ಯಾಕ್ಟೀರಿಯದ ದೃಷ್ಟಿಯಿಂದ ಇದೊಂದು ಒಳ್ಳೆಯ ಮುಂಜಾಗ್ರತೆ, ರೋಗಿಯ ದೃಷ್ಟಿಯಿಂದ ಅಷ್ಟೇನೂ ಒಳ್ಳೆಯದಲ್ಲ. ಪ್ರಯೋಗಶಾಲೆಗಳಲ್ಲಿ ಹೊಸ ಔಷಧವನ್ನು ಸಾಮಾನ್ಯವಾಗಿ ಪರೀಕ್ಷಿಸುವುದು ಬ್ಯಾಕ್ಟೀರಿಯಗಳಿಂದ ಸುಲಭವಾಗಿ ತೆಗೆಯಬಹುದಾದ ಸಡಿಲುಹುರಿಯ ಡಿ.ಎನ್.ಎ.ಯ ಮೇಲೆ. ಅಲ್ಲಿ ಕಂಡ ಕಡಿತಗಳ ಸಂಖ್ಯೆಯನ್ನು ನೋಡಿ ಔಷಧದ ಕೊಲ್ಲುವ ಶಕ್ತಿಯನ್ನು ಅಳೆದರೆ ಲೆಕ್ಕ ತಪ್ಪಬಹುದು. ಎಳೆ ಬಿಟ್ಟ ಹಗ್ಗದ ಮೇಲೆ ಚಾಕು ಆಡಿಸಿ ನೋಡಿ, ಬಿಗಿದ ಹಗ್ಗವನ್ನೂ ಇದು ಹೀಗೇ ಕೊಯ್ಯುತ್ತದೆಂದು ಹೇಳಿದಂತೆ. ಬಿಗಿಹುರಿಯ ಮೇಲೂ ಗೈರೇಸನ್ನು ಬಿಡದೆ ಹಿಡಿಯುವ ಅಣುವನ್ನು ಹುಡುಕುವುದು ನಮ್ಮ ಓದುಗರಲ್ಲಿ ಯಾರಾದರೊಬ್ಬರ ಮುಂದಿನ ಕೆಲಸವಾಗಬಾರದೇಕೆ?

ಅಲ್ಲಿಯವರೆಗೆ ಇರುವ ಔಷಧಗಳನ್ನು ಕಾಪಾಡಿಕೊಳ್ಳಬೇಕಾಗಿದೆ. ಇದೇ ಜಾತಿಗೆ ಸೇರಿದ ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಮಾತ್ರೆಗಳನ್ನು ಭೇದಿಗೋ ಜ್ವರಕ್ಕೋ ವೈದ್ಯರ ಚೀಟಿಯಿಲ್ಲದೆ ಅ೦ಗಡಿಯಿಂದ ತಂದು ನುಂಗುವವರು ಪೇಟೆಯಲ್ಲಿಯೂ ಇದ್ದಾರೆ, ಹಳ್ಳಿಯಲ್ಲಿಯೂ ಇದ್ದಾರೆ. ಅದು ಕ್ಷಯದ ಕೆಮ್ಮಾಗಿದ್ದರೆ ನಾಲ್ಕು ದಿನ ಕಡಿಮೆಯಾದಂತೆ ತೋರಿ ರೋಗಪತ್ತೆ ಹಿಂದೆ ಬೀಳುತ್ತದೆ. ಅಷ್ಟರಲ್ಲಿ, ಕೋಟ್ಯಂತರ ಬ್ಯಾಕ್ಟೀರಿಯಗಳ ನಡುವೆ ಗೈರೇಸಿನ ಒಂದು ಕೊಂಡಿ ಬದಲಾಗಿ ಔಷಧದ ಹಿಡಿತಕ್ಕೆ ಸಿಕ್ಕದ ಯಾವುದಾದರೊಂದು ಉಳಿದುಕೊಂಡು ಬೆಳೆಯುತ್ತದೆ. ಈ ಬದಲಾವಣೆ ಹೆಚ್ಚಾಗಿ ಕಾಣುವುದು ಗೈರೇಸಿನ ಸರಪಳಿಯ ೯೦ನೆಯ ಮತ್ತು ೯೪ನೆಯ ಕೊಂಡಿಗಳಲ್ಲಿ. ಕಿಣ್ವ ಎಂದಿನಂತೆ ಹುರಿ ಬಿಡಿಸುತ್ತಿರುತ್ತದೆ. ಔಷಧಕ್ಕೆ ಮಾತ್ರ ಹಿಡಿಯಲು ಆಸರೆ ಸಿಕ್ಕುವುದಿಲ್ಲ.

ಕೇಂದ್ರ ಸರಕಾರ ೨೦೨೪ರಲ್ಲಿ ಔಷಧಗಳಿಗೆ ಬಗ್ಗದ ಕ್ಷಯಕ್ಕೆ ನಾಲ್ಕು ಔಷಧಗಳ ಹೊಸ ಚಿಕಿತ್ಸಾಕ್ರಮವನ್ನು ಒಪ್ಪಿಕೊಂಡಿತು. ಹಿಂದೆ ಇಪ್ಪತ್ತು ತಿಂಗಳವರೆಗೂ ಎಳೆಯುತ್ತಿದ್ದ ಚಿಕಿತ್ಸೆ ಇದರಿಂದ ಸುಮಾರು ಆರು ತಿಂಗಳಿಗೆ ಇಳಿಯುತ್ತದೆ. ನಾಲ್ಕರಲ್ಲಿ ಒಂದು ಮಾಕ್ಸಿಫ್ಲಾಕ್ಸಸಿನ್. ಮಸ್ಕಿಯ ರೋಗಿಯಾಗಲಿ ಸಿಂಧನೂರಿನ ರೋಗಿಯಾಗಲಿ, ಅಂಥವರ ಕಫದ ಮಾದರಿ ದೊಡ್ಡ ಪ್ರಯೋಗಶಾಲೆಗೆ ಹೋದಾಗ ಅಲ್ಲಿ ಬ್ಯಾಕ್ಟೀರಿಯದ ಡಿ.ಎನ್.ಎ.ಯಲ್ಲಿ ಗೈರೇಸಿಗೆ ಸಂಬಂಧಿಸಿದ ಭಾಗವನ್ನು ಹೆಕ್ಕಿ, ಆ ಎರಡು ಕೊಂಡಿಗಳ ಸುತ್ತಮುತ್ತಲ ಬರಹವನ್ನು ಪರೀಕ್ಷಿಸುತ್ತಾರೆ. ಅಕ್ಷರ ಬದಲಾಗಿದ್ದರೆ ವೈದ್ಯರು ನಾಲ್ಕನೆಯ ಔಷಧವನ್ನು ಕೈಬಿಟ್ಟು ಉಳಿದ ಮೂರರಿಂದ ಚಿಕಿತ್ಸೆ ನಡೆಸಬಹುದು. ಬದಲಾಗಿಲ್ಲದಿದ್ದರೆ ಮಾಕ್ಸಿಫ್ಲಾಕ್ಸಸಿನ್ ರೋಗಿಯ ಶ್ವಾಸಕೋಶವನ್ನು ತಲಪಿ, ಗೈರೇಸ್ ಕತ್ತರಿ ತೆರೆಯುವ ಗಳಿಗೆಗಾಗಿ ಕಾಯುತ್ತದೆ.